ಐನೂರ ಐವತ್ತು ಡಿಗ್ರಿ

ಹಾಲು ಒಡೆದಿತ್ತು. ಒಲೆ ಆರಿಸಿ ಅವನು ಪಾತ್ರೆಯೊಳಗೆ ನೋಡುತ್ತ ನಿಂತ. ತಿಳಿಯಾದ ನೀರಿನಲ್ಲಿ ಬಿಳಿಯ ಚೂರುಗಳು ಒಂದರ ಸಹವಾಸ ಒಂದಕ್ಕೆ ಬೇಡವೆಂಬಂತೆ ದೂರ ಸರಿಯುತ್ತಿದ್ದವು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. "ಒಡೀತೇನೋ?" ಎಂದು ಅಕ್ಕ ಅಲ್ಲಿಂದಲೇ ಕೇಳಿದಳು. "ಹೂಂ." "ನೋಡು, ಇಪ್ಪತ್ತು ವರ್ಷದಿಂದ ನೀರು ಒಡೀತೀನಿ ನೀರು ಒಡೀತೀನಿ ಅಂತ ಕೂತಿದೀಯ, ಜಪ್ಪಯ್ಯ ಅಂದ್ರೂ ಅದು ಒಡೀಲಿಲ್ಲ. ಹಾಲು ಯಾರ ಕೈಲೂ ಹೇಳಿಸ್ಕೊಳ್ಳದೆ ತಾನೇ ಒಡೀತು." ಯಂತ್ರ ಮತ್ತೆ ಶುರುವಾಯಿತು. ಅವನ ಕೆಲಸ ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಗಾಜಿನ ಬಿಲ್ಲೆಯ ಮೇಲೆ ಕೂದಲಿಗಿಂತ ನೂರು ಪಟ್ಟು ತೆಳುವಾದ ತುಕ್ಕಿನ ಪದರ. ಅದನ್ನು ನೀರಿನಲ್ಲಿ ಮುಳುಗಿಸಿ ಬಿಸಿಲು ಬಿಟ್ಟರೆ ಪದರದೊಳಗೆ ವಿದ್ಯುತ್ ಹುಟ್ಟಿ, ನೀರು ಜಲಜನಕವೂ ಆಮ್ಲಜನಕವೂ ಆಗಿ ಬೇರೆಯಾಗಬೇಕು. ಆ ಜಲಜನಕ ನಾಳೆ ಉರುವಲಾಗಬೇಕು. ಬರಿಯ ತುಕ್ಕಿನಿಂದ ಇದು ಆಗುವ ಮಾತಲ್ಲ. ಅದಕ್ಕೇ ಟೈಟಾನಿಯಂನಂಥ ಇನ್ನೊಂದು ಲೋಹವನ್ನು ಚಿಟಿಕೆಯಲ್ಲಿ ಚಿಟಿಕೆಯಷ್ಟು ಬೆರೆಸುತ್ತಾರೆ. ಡೋಪಿಂಗ್ ಎಂದು ಅವನು ಅಂದದ್ದನ್ನು ಅಕ್ಕ ಕಲಬೆರಕೆ ಎಂದು ತಿದ್ದಿದ್ದಳು. "ಬೇರೆಯವ್ರು ಕಲಬೆರಕೆ ಮಾಡಿದ್ರೆ ಹಿಡ್ಕೊಂಡ್ಹೋಗ್ತಾರೆ, ನೀನು ಮಾಡಿದ್ರೆ ಚಪ್ಪಾಳೆ ಹೊಡೀತಾರೆ." ಹನ್ನೊಂದು ವರ್ಷದ ಹಿಂದೆ ಅವನ ಲೇಖನಕ್ಕೆ ನಿಜಕ್ಕೂ ಚಪ್ಪಾಳೆ ಹೊಡೆದಿದ್ದರು. ಆಗೆಲ್ಲ ಅಕ್ಕನ ಮಾತಿಗೆ ಅವನೂ ನಗುತ್ತಿದ್ದ. ಈಗ ನಗು ಬರುವುದಕ್ಕೂ ಎಲ್ಲಿಂದಲೋ ಶಕ್ತಿ ತರಬೇಕು ಅನ್ನಿಸಿ, ಪಾತ್ರೆಯನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಬೆಳಗಿನ ಬಿಸಿಲು ಎದುರಿನ ಕಟ್ಟಡಗಳ ಗಾಜುಗಳಿಗೆ ಬಡಿದು ಕಣ್ಣಿಗೆ ಚುಚ್ಚುತ್ತಿತ್ತು. ನಿನ್ನೆ ಸಂಜೆ ಅವನ ಸಂಶೋಧನಾ ವಿದ್ಯಾರ್ಥಿ ಕಳಿಸಿದ್ದ ಸಂದೇಶವನ್ನು ಐದನೆಯ ಬಾರಿಯೋ ಆರನೆಯ ಬಾರಿಯೋ ತೆಗೆದು ನೋಡಿದ. 'ಸರ್, ನಾಳೆ ಸ್ವಲ್ಪ ಬೇಗ ಬರ್ತೀರಾ? ಒಂದು ತೋರಿಸಬೇಕು.' ಅಷ್ಟೇ. ಎತ್ತರಕ್ಕೆ ತಕ್ಕ ಹಾಗೆ ಎಲ್ಲರೂ ಏಣಿ ಎಂದು ಕರೆಯುತ್ತಿದ್ದ ಆ ವಿದ್ಯಾರ್ಥಿಗೆ ಚಿಕ್ಕದಾಗಿ ಬರೆದೇ ಗೊತ್ತಿರಲಿಲ್ಲ. ಒಂದು ಅಳತೆ ಹೆಚ್ಚು ಬಂದರೆ ಇಡೀ ಪುಟ ಬರೆದು ಕಳಿಸುವವನು. ಅವನೇ ಇಷ್ಟು ಸಣ್ಣದಾಗಿ ಬರೆದಿದ್ದಾನೆಂದರೆ ಕಾಣಬೇಕಾದದ್ದು ಕಂಡಿದೆ. ಒಂದಲ್ಲ ಒಂದು ದಿನ ಯಾರಿಗಾದರೂ ಕಾಣುತ್ತದೆ ಎಂದು ಅವನು ಹನ್ನೊಂದು ವರ್ಷ ಕಾದಿದ್ದ. ಕಾದದ್ದೂ ಅಲ್ಲ, ಹಲ್ಲುನೋವಿನ ಕಡೆಗೆ ನಾಲಿಗೆ ಹೋಗದಂತೆ ಊಟ ಮಾಡುವ ಹಾಗೆ, ಆ ಕಡೆ ಒಂದು ಬಿಟ್ಟು ಉಳಿದೆಲ್ಲ ಕಡೆ ಬದುಕಿದ್ದ. ಮುಂದಿನ ಸೀಟಿನ ಹೆಂಗಸು ಮಗುವಿನ ಕೈಯನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು, ಒಂದೊಂದೇ ಬೆರಳು. "ಕೈ ನೋಡು ಹೇಗಿದೆ, ಕೈ ನೋಡು," ಎನ್ನುತ್ತಿದ್ದಳು. ಅವನು ಮುಖ ತಿರುಗಿಸಿದ.

"ಬೈಬೇಡಿ ಸರ್," ಏಣಿ ಬಾಗಿಲಲ್ಲೇ ಅಂದ. ಪ್ರಯೋಗಾಲಯದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ; ಬಿಸಿಲಿಗೆ ಬದಲಾಗಿ ಉರಿಸುವ ದೊಡ್ಡ ದೀಪ ಮಾತ್ರ ಫ್ಯಾನಿನ ಸದ್ದು ಮಾಡುತ್ತ ಉರಿಯುತ್ತಿತ್ತು. "ಟೈಟಾನಿಯಂ ಹಾಕಿಲ್ಲ ಸರ್. ಒಂದು ಕಣಾನೂ ಇಲ್ಲ. ಬರೀ ತುಕ್ಕು. ಹಟಕ್ಕೆ ಬಿದ್ದು ಎಂಟುನೂರು ಡಿಗ್ರಿಗೆ ಹತ್ತು ನಿಮಿಷ ಇಟ್ಟೆ. ಗಾಜು ಸ್ವಲ್ಪ ಬಗ್ಗಿತು. ಆದ್ರೆ ನೋಡಿ." ನೀರಿನ ಪೆಟ್ಟಿಗೆಯಲ್ಲಿ ಕೆಂಪುಬಣ್ಣದ ಬಿಲ್ಲೆ ಮುಳುಗಿತ್ತು. ಪರದೆ ಸರಿಸಿದೊಡನೆ ಕಂಪ್ಯೂಟರಿನ ಮೇಲೆ ಗೆರೆ ಏಳತೊಡಗಿತು. ಆ ಗೆರೆ ಅವನಿಗೆ ಗೊತ್ತು. ಎಲ್ಲಿ ಮೆಲ್ಲಗೆ ಏಳುತ್ತದೆ, ಎಲ್ಲಿ ಭುಜ ಎತ್ತುತ್ತದೆ, ಎಲ್ಲಿಗೆ ಮುಟ್ಟುತ್ತದೆ ಎಂದು ಕಣ್ಣು ಮುಚ್ಚಿ ಬರೆಯಬಲ್ಲ. ಅದನ್ನು ದೊಡ್ಡದು ಮಾಡಿಸಿ ಹಿರಿಯರು ತಮ್ಮ ಕೋಣೆಯ ಗೋಡೆಗೆ ಹಾಕಿಸಿಕೊಂಡಿದ್ದರು. ಹಿರಿಯರೆಂದರೆ ಅವನಿಗೆ ಕೆಲಸ ಕಲಿಸಿದವರು, ಈಗ ನಿವೃತ್ತರು, ಆ ಗೆರೆಯ ಮೇಲೆ ಎರಡು ಪ್ರಶಸ್ತಿ ಪಡೆದವರು. "ಎರಡೂವರೆ ಮಿಲಿಆಂಪ್ ಸರ್. ನಿಮ್ಮ ಲೇಖನದಲ್ಲಿ ಇರೋ ಅಷ್ಟೇ, ಕೂದಲೆಳೆ ಆಚೀಚೆ ಇಲ್ಲ." "ಎಲ್ಲಿಂದ ಬಂತು?" ಅವನು ಕೇಳಿದ. ಉತ್ತರ ಗೊತ್ತಿದ್ದೂ ಕೇಳುವುದು ಮೇಷ್ಟರ ಕೆಲಸ ಎಂದು ತನಗೆ ತಾನೇ ಹೇಳಿಕೊಂಡ. "ತವರ ಸರ್. ವಿದ್ಯುತ್ ಹರೀಲಿ ಅಂತ ಗಾಜಿನ ಮೇಲೆ ತವರದ ಲೇಪ ಇರುತ್ತಲ್ಲ, ಆ ಬಿಸಿಗೆ ಅದು ಮೇಲಕ್ಕೆ ಹತ್ತಿ ತುಕ್ಕಿನೊಳಗೆ ಸೇರ್ಕೊಂಡಿದೆ. ಕೆಲಸ ಮಾಡ್ತಿರೋದು ಅದು. ಟೈಟಾನಿಯಂ ಸುಮ್ನೆ ಕೂತಿರುತ್ತೆ ಅಷ್ಟೇ. ಆದ್ರೆ ಸರ್, ನೀವು ಐನೂರ ಐವತ್ತು ಡಿಗ್ರಿಯಲ್ಲಿ ಮಾಡಿದೀರ. ಐನೂರ ಐವತ್ತಕ್ಕೆ ತವರ ಹತ್ತಲ್ಲ. ಅದೊಂದೇ ಅರ್ಥ ಆಗ್ತಿಲ್ಲ." ಏಣಿಯ ಮುಖದಲ್ಲಿ ಅನುಮಾನದ ಗುರುತೇ ಇರಲಿಲ್ಲ. ಅರ್ಥವಾಗದ್ದು ತನ್ನದೇ ದಡ್ಡತನವೆಂದು ನಂಬಿ ನಿಂತಿದ್ದ ಆ ಮುಖವನ್ನು ನೋಡಿಯೇ ಅವನಿಗೆ ಸುಸ್ತಾಯಿತು. "ಇನ್ನೊಂದ್ಸಲ ಮಾಡಿ ನೋಡು," ಎಂದ. "ಆರು ಸಲ ಮಾಡಿದೀನಿ ಸರ್."

ಆರು ಸಲ. ಅವನು ಮಾಡಿದ್ದು ಒಂದೇ ಸಲ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು, ಬಿಲ್ಲೆ ಕಾಯಿಸಿ ತಣ್ಣಗಾದ ಫರ್ನೇಸಿನ ಬಾಗಿಲು ತೆಗೆದಿದ್ದ. ಹಿಂಭಾಗದ ತೂತಿನಿಂದ, ಒಳಗಿನ ಶಾಖ ಅಳೆಯುವ ತಂತಿ ಜಾರಿ ಹೊರಗೆ ಬಂದು ನೇತಾಡುತ್ತಿತ್ತು. ಹೊರಗಿದ್ದ ತಂತಿ ಹೊರಗಿನದನ್ನೇ ಅಳೆದಿದೆ, ಇನ್ನೂ ಬಿಸಿಯಾಗಿಲ್ಲವೆಂದು ಫರ್ನೇಸು ಕಾಯುತ್ತಲೇ ಹೋಗಿದೆ; ಒಳಗೆ ಶಾಖ ಎಲ್ಲಿಗೆ ಹೋಯಿತೋ ಯಾರಿಗೆ ಗೊತ್ತು. ಬಿಲ್ಲೆ ಉಗುರಿನ ಹಾಗೆ ಬಾಗಿತ್ತು. ಬಿಸಾಡಬೇಕೆಂದೇ ಎತ್ತಿಕೊಂಡಿದ್ದ. ಸುಮ್ಮನೆ, ಬಿಸಾಡುವ ಮುಂಚೆ ಎಂದು ದೀಪದ ಕೆಳಗೆ ಇಟ್ಟ. ಗೆರೆ ಎದ್ದಿತು. ಅದನ್ನು ನೋಡಿ ಹಿರಿಯರನ್ನು ಕರೆಯಲು ಓಡುವ ಮೊದಲು, ಓಡುವ ಮೊದಲೇ, ಅದನ್ನು ಅವನು ಮರೆಯಲಾರ, ಫರ್ನೇಸಿನ ಹಿಂದೆ ಹೋಗಿ, ನೇತಾಡುತ್ತಿದ್ದ ತಂತಿಯನ್ನು ಒಂದು ಬೆರಳಿನಿಂದ ಒಳಕ್ಕೆ ತಳ್ಳಿದ್ದ. ಯಾಕೆ ತಳ್ಳಿದೆ? ಜಾರಿದ ವಸ್ತುವನ್ನು ಯಾರಾದರೂ ಸರಿಯಾಗಿ ಇಡುತ್ತಾರಲ್ಲ, ಹಾಗೆ. ಮೊದಲ ವರ್ಷವೆಲ್ಲ ಹಾಗೆಂದೇ ಹೇಳಿಕೊಂಡ. ಹಿರಿಯರು ಬಂದು, ಗೆರೆ ನೋಡಿ, ಅವನ ಬೆನ್ನಿನ ಮೇಲೆ ಕೈಯಿಟ್ಟು, "ಎಷ್ಟು ಡಿಗ್ರಿಯಯ್ಯಾ?" ಎಂದಾಗ ಅವನು ಪ್ರಯೋಗದ ಪುಸ್ತಕ ತೋರಿಸಿದ. ಪುಸ್ತಕದಲ್ಲಿ ಬೆಳಿಗ್ಗೆಯೇ ಬರೆದಿಟ್ಟದ್ದು ಇತ್ತು: ಐನೂರ ಐವತ್ತು. ಅವನು ಸುಳ್ಳು ಹೇಳಲಿಲ್ಲ. ಬಾಯಿ ಬಿಡಲೂ ಇಲ್ಲ. ಬೆನ್ನಿನ ಮೇಲಿದ್ದ ಆ ಕೈ ಬೆಚ್ಚಗಿತ್ತು. ಅದು ಇನ್ನೊಂದು ಕ್ಷಣ ಅಲ್ಲೇ ಇರಲಿ ಅನ್ನಿಸಿತ್ತು, ಅಷ್ಟೇ.

"ಸರ್?" ಏಣಿ ಕೇಳುತ್ತಿದ್ದ. "ಇದನ್ನ ಬರೆದು ಪತ್ರಿಕೆಗೆ ಕಳಿಸಿದ್ರೆ ಮೊದಲು ಕೇಳೋದೇ ಅದನ್ನ. ಐನೂರ ಐವತ್ತಕ್ಕೆ ಟೈಟಾನಿಯಂ ಹಾಕಿ ಯಾರಾದ್ರೂ ಶ್ರದ್ಧೆಯಿಂದ ಮಾಡಿ, ಬರಲ್ಲ ಅಂತ ತೋರಿಸಿರೋದು ಇದ್ರೆ ಸಾಕು. ನಾನೇ ಮಾಡೋಕೆ ಕೂತ್ರೆ ಇನ್ನೊಂದು ವರ್ಷ ಹಿಡಿಯುತ್ತೆ. ನನ್ನ ಅವಧಿ ಮುಗಿಯುತ್ತೆ ಸರ್. ಯಾರಾದ್ರೂ ಮಾಡಿದಾರಾ?" ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಎಷ್ಟು ಸಲೀಸಾದ ಮಾತು. ಅದನ್ನು ಆಡಿದರೆ ಏಣಿ ಸರಿ ಸರ್ ಎಂದು ತಲೆಯಾಡಿಸಿ ಹೋಗುತ್ತಾನೆ, ಒಂದು ವರ್ಷ ಹೋಗುತ್ತದೆ, ಅಷ್ಟರಲ್ಲಿ ಏನಾದರೂ ಆಗುತ್ತದೆ, ಹಿರಿಯರೇ ಇರುವುದಿಲ್ಲ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯೂ ಹಳೆಯದೇ, ಹೊಸತೇನೂ ಅಲ್ಲ. ಅವನು ಮೂಲೆಯ ಕಬ್ಬಿಣದ ಕಪಾಟಿನ ಕಡೆ ನಡೆದ. ಕೆಳಗಿನ ಅರೆಯಲ್ಲಿ, ಹಳೆಯ ರಸೀದಿಗಳ ಹಿಂದೆ, ಐದು ನೋಟ್‌ಬುಕ್ಕುಗಳಿದ್ದವು. "ಇದೆ," ಎಂದ. ಏಣಿ ನೆಲದ ಮೇಲೆಯೇ ಕೂತು ಪುಟ ತಿರುವತೊಡಗಿದ. "ಇನ್ನೂರ ಹದಿನಾಲ್ಕು ಪದರ! ಒಂದೊಂದರದ್ದೂ ದಿನಾಂಕ, ಶಾಖ, ನೀರಿನ ಶುದ್ಧಿ ಸಮೇತ. ಎಷ್ಟು ಚೊಕ್ಕಟ ಸರ್. ಯಾರಿವರು? ಯಾಕೆ ಬಿಟ್ಟು ಹೋದ್ರು?" "ಬರಲಿಲ್ಲ ಅಂತ." "ಬರೋ ಹಾಗೇ ಇರ್ಲಿಲ್ಲವಲ್ಲ ಸರ್," ಏಣಿ ತಲೆಯೆತ್ತದೆ ಅಂದ.

ಅವಳು ಅವನ ಮೊದಲನೆಯ ವಿದ್ಯಾರ್ಥಿನಿ. ಎರಡೂವರೆ ವರ್ಷ ಅವಳು ಲೇಖನದಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಮಾಡಿದಳು, ಗೆರೆ ಏಳಲೇ ಇಲ್ಲ. ಎರಡನೆಯ ವರ್ಷದ ಕೊನೆಗೆ ಹಿರಿಯರು ಎಲ್ಲರ ಮುಂದೆ ಕೇಳಿದರು: "ನಿನಗೆ ಬಂದದ್ದು ಇವಳಿಗೆ ಯಾಕೆ ಬರೋದಿಲ್ಲವಯ್ಯಾ?" ಆಗ ಅವನು ಬಾಯಿಬಿಟ್ಟಿದ್ದ. "ಕೈಗುಣ," ಎಂದಿದ್ದ. "ಕೈಯಲ್ಲಿ ಶುಚಿ ಇಲ್ಲ." ಎಲ್ಲರೂ ಅವಳ ಕೈ ನೋಡಿದರು. ಅವಳೂ ನೋಡಿಕೊಂಡಳು. ಮರುದಿನ ಅವನು ಅವಳಿಂದ ಒಂದೇ ಬೀಕರನ್ನು ಏಳು ಸಲ ತೊಳೆಸಿದ. ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡಿ ಮತ್ತೆ ಕೊಟ್ಟ. ಮೊದಲನೆಯ ಸಲವೇ ಅದು ಕನ್ನಡಿಯ ಹಾಗಿತ್ತು. ಉಳಿದವರು ತಮ್ಮ ತಮ್ಮ ಕೆಲಸ ನೋಡಿಕೊಳ್ಳುವವರಂತೆ ನಿಂತು ನೋಡುತ್ತಿದ್ದರು. ಆಮೇಲೆ ಅವಳಿಗೆ ಬೀಕರಮ್ಮ ಎಂದು ಹೆಸರು ಬಿತ್ತು. ಅದನ್ನು ಕೇಳಿ ಅವನು ಒಮ್ಮೆ ನಕ್ಕಿದ್ದ ಕೂಡ. ಒಂದು ಸೋಮವಾರ ಅವಳು ಬರಲಿಲ್ಲ. ನೋಟ್‌ಬುಕ್ಕುಗಳು ಮಾತ್ರ ಅವನ ಮೇಜಿನ ಮೇಲೆ ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದವು. "ಕೇಳದೆ ಬಳಸೋಕಾಗಲ್ಲ," ಎಂದು ಅವನು ಏಣಿಗೆ ಹೇಳಿದ. "ನಾನು ಹೋಗಿ ಕೇಳ್ಕೊಂಡು ಬರ್ತೀನಿ." ಹೇಳಿದ ಮೇಲೆ ಹೊಳೆಯಿತು: ಇಷ್ಟು ವರ್ಷದಲ್ಲಿ ಅವಳ ಹತ್ತಿರ ಹೋಗಲು ಕೊನೆಗೂ ಒಂದು ನೆಪ ಸಿಕ್ಕಿದೆ, ಅದೂ ಅವಳಿಂದ ಏನನ್ನೋ ಪಡೆಯುವುದಕ್ಕೆ.

ನಗರದ ನೀರು ಪರೀಕ್ಷೆಯ ಕಚೇರಿ ಎರಡು ಬಸ್ಸಿನ ದಾರಿ. ಅವಳು ಅಲ್ಲಿದ್ದಾಳೆಂದು ಅವನಿಗೆ ಯಾವತ್ತಿನಿಂದಲೋ ಗೊತ್ತಿತ್ತು; ಆ ಬೀದಿಯಲ್ಲಿ ಹೋಗುವ ಬಸ್ಸನ್ನು ಅವನು ಹತ್ತುತ್ತಿರಲಿಲ್ಲ. ಬಾಗಿಲಲ್ಲಿ ಕಾವಲಿನವನು ಟೋಕನ್ ಕೊಟ್ಟ: ಅರವತ್ತೊಂದು. ಉದ್ದನೆಯ ಬೆಂಚುಗಳ ಮೇಲೆ ಜನ ಬಾಟಲಿ, ಕ್ಯಾನು, ಡಬ್ಬಗಳಲ್ಲಿ ತಮ್ಮ ತಮ್ಮ ಮನೆಯ ನೀರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬರಿಗೈಯವನು ಅವನೊಬ್ಬನೇ. ಪಕ್ಕದಲ್ಲಿದ್ದ ಮುದುಕ ಅವನ ಕೈಯನ್ನೊಮ್ಮೆ, ಕಾಲಿನ ಬಳಿಯೊಮ್ಮೆ ನೋಡಿ, "ನೀರೆಲ್ಲಿ?" ಎಂದ. "ಇಲ್ಲ." "ನೀರೇ ಬರ್ತಿಲ್ಲವಾ? ಅದಕ್ಕೆ ಬೇರೆ ಆಫೀಸು, ಮಹಡಿ ಮೇಲೆ." ಗಾಜಿನ ಆಚೆ ಅವಳು ಕಂಡಳು. ಕನ್ನಡಕ ಬಂದಿತ್ತು, ಕಿವಿಯ ಹತ್ತಿರ ಒಂದಿಷ್ಟು ನರೆ. ಅವಳು ಸಾಲಿನವರ ಅರ್ಜಿ ತೆಗೆದುಕೊಳ್ಳುತ್ತ, ನಡುನಡುವೆ ಹಿಂದಿನ ಮೇಜಿಗೆ ತಿರುಗಿ ಗಾಜಿನ ಕೊಳವೆಯಿಂದ ಫ್ಲಾಸ್ಕಿಗೆ ಹನಿ ಬಿಡುತ್ತಿದ್ದಳು. ಎಡಗೈ ಕೊಳವೆಯ ತಿರುಪಿನ ಮೇಲೆ, ಬಲಗೈ ಫ್ಲಾಸ್ಕನ್ನು ಸುತ್ತಿಸುತ್ತ. ಹನಿ, ಹನಿ, ಆಮೇಲೆ ಹನಿಯಲ್ಲಿ ಅರ್ಧ. ಬಣ್ಣ ತಿರುಗಿದ ಕ್ಷಣಕ್ಕೆ ಸರಿಯಾಗಿ ಕೈ ನಿಂತಿತು. ಇಪ್ಪತ್ತು ವರ್ಷದಲ್ಲಿ ಇಂಥ ಕೈಯನ್ನು ಅವನು ನೋಡಿದ್ದು ಬೆರಳೆಣಿಕೆಯಷ್ಟು. ಎದ್ದು ಹೋಗಿಬಿಡೋಣ ಅನ್ನಿಸಿತು. ನಾಳೆ ಬರೆದು ಕಳಿಸಿದರಾಯಿತು, ಮಾತಿಗಿಂತ ಬರಹ ಮೇಲು. ಅಷ್ಟರಲ್ಲಿ, "ಅರವತ್ತೊಂದು," ಎಂದು ಅವಳು ಕೂಗಿದಳು.

"ಸ್ಯಾಂಪಲ್?" ಅವಳು ತಲೆಯೆತ್ತದೆ ಕೈ ಚಾಚಿದಳು. "ತಂದಿಲ್ಲ." "ಬಾಟಲಿ ಇಲ್ದೆ ಇಷ್ಟೊತ್ತು ಯಾಕ್ರೀ ಕೂತಿದ್ರಿ..." ಎಂದು ತಲೆಯೆತ್ತಿದವಳು ಅಲ್ಲಿಗೇ ನಿಲ್ಲಿಸಿದಳು. "ಸರ್," ಎಂದಳು. ಹಳೆಯ ಅಭ್ಯಾಸದಿಂದ ಬಾಯಿಗೆ ಬಂದ ಆ ಮಾತಿಗೆ ತನ್ನ ಮೇಲೆಯೇ ಸಿಟ್ಟಾದವಳಂತೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅವನು ಗಾಜಿನ ಹತ್ತಿರಕ್ಕೆ ಬಗ್ಗಿದ. "ನಿನ್ನ... ನಿಮ್ಮ ನೋಟ್‌ಬುಕ್ಕುಗಳು ಬೇಕಾಗಿದ್ವು." "ಅವು ನಿಮ್ಮ ಹತ್ರಾನೇ ಇವೆಯಲ್ಲ." "ಬಳಸೋದಕ್ಕೆ ಕೇಳ್ಬೇಕಿತ್ತು." "ಯಾತಕ್ಕೆ?" "ಅವು ಸರಿಯಾಗಿದ್ವು." ಅವಳು ಅರ್ಜಿಯ ಕಟ್ಟನ್ನು ಪಕ್ಕಕ್ಕೆ ಸರಿಸಿದಳು. "ಎಲ್ಲಾ ಸರಿಯಾಗಿದ್ವು," ಅವನು ಮತ್ತೆ ಅಂದ, "ಇನ್ನೂರ ಹದಿನಾಲ್ಕೂ. ತಪ್ಪಿದ್ದದ್ದು ನಮ್ಮ ಲೇಖನದಲ್ಲಿ. ಶಾಖ ಐನೂರ ಐವತ್ತಲ್ಲ." ಹಿಂದಿನಿಂದ ಯಾರೋ, "ಸ್ವಲ್ಪ ಬೇಗ ಮಾತಾಡಿ ಸ್ವಾಮಿ, ನಮ್ಮನೆ ನೀರು ಹಳದಿ ಬರ್ತಿದೆ," ಎಂದರು. ಅವಳು ಅವರತ್ತ ಒಂದು ಬೆರಳೆತ್ತಿ ತಡೆದು, ಅವನನ್ನೇ ನೋಡುತ್ತ ಕೇಳಿದಳು: "ಎಷ್ಟಿತ್ತು?" ಅವಳು ಅತ್ತರೆ, ಕೂಗಾಡಿದರೆ ತಡೆದುಕೊಳ್ಳಲು ಅವನು ತಯಾರಾಗಿ ಬಂದಿದ್ದ. ಈ ಪ್ರಶ್ನೆಗೆ ತಯಾರಾಗಿರಲಿಲ್ಲ. "ಎಂಟುನೂರರ ಹತ್ತಿರ. ಶಾಖದ ತಂತಿ ಜಾರಿತ್ತು." "ಏಳುನೂರಕ್ಕೆ ಒಂದ್ಸಲ ಮಾಡಿ ನೋಡ್ಲಾ ಅಂತ ನಾನು ಕೇಳಿದ್ದೆ," ಅವಳೆಂದಳು. "ಎರಡು ಸಲ ಕೇಳಿದ್ದೆ. ಗಾಜು ಹಾಳಾಗುತ್ತೆ, ಬೇಡ ಅಂದ್ರಿ." "ಹೌದು." "ನೆನಪಿದೆಯಾ?" "ಇದೆ." ಅವಳು ಕನ್ನಡಕ ತೆಗೆದು, ಸೀರೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ಅರ್ಜಿಯ ಕಟ್ಟಿನಿಂದ ಒಂದನ್ನು ಹರಿದು, ಹಿಂಬದಿ ಮೇಲೆ ಮಾಡಿ ಗಾಜಿನ ಕೆಳಗಿನಿಂದ ತಳ್ಳಿದಳು. "ಬರೆದು ಕೊಡಿ. ಅಲ್ಲಿ ಮೇಜಿದೆ. ಪೆನ್ನಿಗೆ ದಾರ ಕಟ್ಟಿದೆ, ಎಳೀಬೇಡಿ, ಕಿತ್ತು ಬರುತ್ತೆ." ಆಮೇಲೆ, "ಅರವತ್ತೆರಡು," ಎಂದು ಕೂಗಿದಳು.

ಮೇಜು ಅವನ ಸೊಂಟಕ್ಕೂ ಬರುತ್ತಿರಲಿಲ್ಲ. ದಾರ ಮೋಟು, ಬಗ್ಗಿಯೇ ಬರೆಯಬೇಕಾಯಿತು. ಅರ್ಜಿ ತುಂಬುತ್ತಿದ್ದ ಒಬ್ಬ ಹೆಂಗಸು ಮೊಣಕೈ ಸರಿಸಿ ಜಾಗ ಕೊಟ್ಟಳು. ಲೇಖನದ ಹೆಸರು, ವರ್ಷ ಬರೆದ. ಶಾಖ ಅಳೆಯುವ ತಂತಿ ಜಾರಿದ್ದರಿಂದ ಒಳಗಿನ ಶಾಖ ದಾಖಲಾದದ್ದಕ್ಕಿಂತ ಬಹಳ ಹೆಚ್ಚಿತ್ತೆಂದೂ, ಫಲ ಕೊಟ್ಟದ್ದು ಟೈಟಾನಿಯಂ ಅಲ್ಲ, ಗಾಜಿನಿಂದ ಬಂದ ತವರವೆಂದೂ ಬರೆದ. ವಿದ್ಯಾರ್ಥಿನಿಯ ಇನ್ನೂರ ಹದಿನಾಲ್ಕು ಪ್ರಯೋಗಗಳಲ್ಲಿ ಯಾವ ದೋಷವೂ ಇರಲಿಲ್ಲವೆಂದು ಬರೆದ. ಇಷ್ಟನ್ನೂ ಅವನ ಕೈ ಸರಾಗವಾಗಿ ಬರೆಯಿತು. ಎಷ್ಟೋ ಸಲ ಮನಸ್ಸಿನಲ್ಲಿ ಬರೆದದ್ದೇ. ಕೊನೆಗೆ, 'ತಂತಿ ಜಾರಿದ್ದ ಸಂಗತಿ ಆಗ ನನಗೆ ತಿಳಿದಿರಲಿಲ್ಲ' ಎಂದು ಬರೆದು ಸಹಿ ಹಾಕಿದ. ಆ ವಾಕ್ಯ ಎಲ್ಲಿಂದ ಬಂತೋ. ಬಾಗಿಲಿನ ಚಿಲಕ ತಾನಾಗಿ ಬೀಳುವ ಹಾಗೆ ಬಿದ್ದಿತ್ತು. ಕಾಗದವನ್ನು ಗಾಜಿನ ಕೆಳಗಿನಿಂದ ತಳ್ಳಿ ನಿಂತ. ಅವಳು ಓದಿದಳು, ನಿಧಾನವಾಗಿ, ನೀರಿನ ಲೆಕ್ಕ ನೋಡುವ ಹಾಗೆ ಸಾಲಿನಿಂದ ಸಾಲಿಗೆ ಬೆರಳಿಟ್ಟು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದು ನಿಜವಾ ಸರ್?" ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆ ಮಧ್ಯಾಹ್ನ ಫರ್ನೇಸಿನ ಹಿಂದೆ ಅವನೊಬ್ಬನೇ ಇದ್ದದ್ದು. ಹೌದು ಅಂದರೆ ಮುಗಿಯಿತು. ಅವಳು ಹೂಂ ಎಂದು ಕಾಗದ ತೆಗೆದಿಡುತ್ತಾಳೆ, ಏಣಿಯ ಲೇಖನ ಬರುತ್ತದೆ, ಹಿರಿಯರಿಗೂ ತಂತಿಯ ಮೇಲೆ ಹಾಕಿ ಹೇಳಬಹುದು. ತಂತಿಗೆ ಯಾರು ಬೈಯುತ್ತಾರೆ. ಅವನು ಗಾಜಿನ ಮೇಲೆ ತನ್ನ ಉಸಿರಿನ ಮಂಜು ಮೂಡಿ ಆರುವುದನ್ನು ನೋಡಿದ. ಎಷ್ಟು ದಣಿದಿದ್ದನೆಂದರೆ, ಇನ್ನೊಂದು ಸುಳ್ಳನ್ನು ಎತ್ತಿಕೊಂಡು ಮನೆಯವರೆಗೆ ಹೊತ್ತೊಯ್ಯುವುದು ತನ್ನಿಂದಾಗದು ಅನ್ನಿಸಿತು. ಅದು ಧೈರ್ಯವಲ್ಲ ಎಂಬುದೂ ಅವನಿಗೆ ಗೊತ್ತಿತ್ತು. "ಇಲ್ಲ," ಎಂದ. "ಗೊತ್ತಿತ್ತು. ಅವತ್ತೇ ಗೊತ್ತಿತ್ತು. ತಂತೀನ ಒಳಗೆ ತಳ್ಳಿದ್ದು ನಾನೇ." "ನನ್ನ ಕೈಯಲ್ಲಿ ಶುಚಿ ಇಲ್ಲ ಅಂತ ಎಲ್ಲರ ಮುಂದೆ ಹೇಳಿದಾಗ್ಲೂ?" "ಆಗ್ಲೂ."

ಸಾಲಿನಲ್ಲಿದ್ದವರು ಈಗ ಗೊಣಗುವುದನ್ನು ನಿಲ್ಲಿಸಿದ್ದರು. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ನೋಡಿಕೊಂಡದ್ದು ಗೊತ್ತಾಗಿ ಅವನ್ನು ಮೇಜಿನ ಕೆಳಗೆ ಇಳಿಸಿದಳು. "ಅಲ್ಲಿಂದ ಬಂದ ಮೇಲೆ ಒಂದು ವರ್ಷ ನಾನು ಅಡಿಗೆ ಪಾತ್ರೆ ಕೂಡ ಎರಡೆರಡು ಸಲ ತೊಳೀತಿದ್ದೆ," ಎಂದಳು. "ನಮ್ಮಮ್ಮ ನೋಡಿ ಅಳೋರು." ಅಷ್ಟು ಹೇಳಿ ಕಾಗದವನ್ನು ವಾಪಸು ತಳ್ಳಿದಳು. "ತಿದ್ದಿ. ಹೊಡೆದು ಹಾಕಬೇಡಿ, ಒಂದು ಗೆರೆ ಎಳೆದು ಪಕ್ಕಕ್ಕೆ ಬರೀರಿ. ಹಳೇದೂ ಕಾಣ್ಬೇಕು. ನೋಟ್‌ಬುಕ್ಕಲ್ಲಿ ಹಾಗೇ ಬರೀಬೇಕು ಅಂತ ನೀವೇ ಹೇಳ್ಕೊಟ್ಟದ್ದು." ಅವನು ಕಿಟಕಿಯ ಮುಂದೆಯೇ, ಅವಳ ಪೆನ್ನಿನಿಂದ, 'ತಿಳಿದಿರಲಿಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದ. ಪಕ್ಕದಲ್ಲಿ 'ತಿಳಿದಿತ್ತು' ಎಂದು ಬರೆದ. ಅಕ್ಷರ ಸೊಟ್ಟಗಾಯಿತು. ಅವಳು ಅದನ್ನು ನೋಡಿದಳು. ಕಾಗದ ತೆಗೆದುಕೊಂಡು, ಆ ಕಿಟಕಿಯಲ್ಲಿ ಬರುವ ಎಲ್ಲ ಕಾಗದಕ್ಕೂ ಒತ್ತುವ ಸ್ವೀಕೃತಿಯ ಮುದ್ರೆಯನ್ನು ಅದಕ್ಕೂ ಒತ್ತಿ, ದಿನಾಂಕ ಹಾಕಿ, ಒಂದು ನಕಲು ಮಾಡಿಸಿ ಇಟ್ಟುಕೊಂಡು ಮೂಲವನ್ನು ಅವನಿಗೆ ಕೊಟ್ಟಳು. "ಪತ್ರಿಕೆಯವರಿಗೆ ಇದನ್ನೇ ಕಳಿಸಿ. ನೋಟ್‌ಬುಕ್ ಬಳಸ್ಕೊಳ್ಳಿ. ನನ್ನ ಹೆಸರು ಹಾಕಿ, ಪೂರ್ತಿ." "ಹಾಕ್ತೀನಿ." "ಹೇಳಿ ನೋಡೋಣ." ಅವನು ಅವಳ ಹೆಸರು ಹೇಳಿದ. "ಇನಿಷಿಯಲ್ ತಪ್ಪು," ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಕ್ಷಮೆ ಕೇಳಬೇಕೆಂದಿದ್ದ. ಅದನ್ನು ಕೇಳುವುದೂ ಇನ್ನೊಂದು ಬೇಡಿಕೆಯೇ ಅನ್ನಿಸಿ ನಿಂತುಬಿಟ್ಟ. "ಸರಿಯಮ್ಮ, ಬರ್ತೀನಿ," ಎಂದ. "ಹೋಗ್ಬನ್ನಿ" ಎಂದು ಅವಳು ಅನ್ನಲಿಲ್ಲ. "ಅರವತ್ತಮೂರು," ಎಂದಳು.

ಹೊರಗೆ ಮೆಟ್ಟಿಲ ಮೇಲೆ ನಡುಹಗಲಿನ ಬಿಸಿಲು ಬಿದ್ದಿತ್ತು. ಅವನು ಕೂತುಕೊಂಡ. ಹಗುರವಾಗಬಹುದೆಂದು ಎಲ್ಲೋ ಒಂದು ಆಸೆಯಿತ್ತು, ಹಾಗೇನೂ ಆಗಲಿಲ್ಲ. ಹಸಿವಾಗಿತ್ತು. ಸಂಜೆ ಹಿರಿಯರ ಮನೆಗೆ ಹೋಗಬೇಕು, ಅವರ ಎದುರು ಕೂತು ಹೇಳಬೇಕು. ಅವರು ಎದ್ದು ಒಳಗೆ ಹೋಗಬಹುದು, ಮತ್ತೆ ಹೊರಗೆ ಬರದಿರಬಹುದು. ಫೋನು ತೆಗೆದು ಏಣಿಗೆ ಮಾಡಿದ. "ಒಪ್ಪಿದ್ರಾ ಸರ್?" "ಬರ್ಕೋ." ಚೀಟಿ ನೋಡುತ್ತ ಅವಳ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ, ಇನಿಷಿಯಲ್ ಎರಡು ಸಲ. "ನಿನ್ನ ಹೆಸರು ಮೊದಲು. ಇವರದ್ದು ಅದರ ಪಕ್ಕ. ಲೇಖನದ ಜೊತೆ ನಾನೊಂದು ಕಾಗದ ಕೊಡ್ತೀನಿ, ಅದರಲ್ಲಿ ಶಾಖದ ವಿಷಯ ಇದೆ. ಅದನ್ನ ನೀನು ಓದ್ಬೇಕು. ಓದಿದ ಮೇಲೆ ನನ್ನ ಕೈ ಕೆಳಗೆ ಇರೋದು ಬೇಡ ಅನ್ಸಿದ್ರೆ ಹೇಳು, ಬೇರೆಯವರ ಹತ್ರ ಕಳಿಸ್ತೀನಿ." ಏಣಿ ದಡ್ಡನಲ್ಲ. "ಸರ್," ಎಂದ, ಸಣ್ಣ ದನಿಯಲ್ಲಿ, "ನಿಮ್ಮ ಹೆಸರು ಹಾಕೋದಾ ಬೇಡ್ವಾ?" ಒಬ್ಬಳು ಹುಡುಗಿ ಎರಡು ಕೈಯಲ್ಲಿ ತುಂಬಿದ ಕ್ಯಾನು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು, ನೀರು ತುಳುಕಿ ಅವನ ಪಾದದ ಮೇಲೆ ಬಿತ್ತು. ಅವನು ಎದ್ದು ಅವಳಿಗೆ ದಾರಿ ಬಿಟ್ಟ.

"ಹಾಕು," ಎಂದ. "ಕೊನೇಲಿ ಹಾಕು. ತಪ್ಪು ಯಾರದ್ದು ಅಂತ ಓದಿದವರಿಗೆ ಗೊತ್ತಾಗ್ಬೇಕಲ್ಲ."